ಅರಳದ ಕಾಳು

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಓಣಿಗೆ
ಬೆಳಗು ಬೆಳ್ಳಗೆ ಬರುವುದಿಲ್ಲ.
ಮೊದಲು ಹೊಗೆ, ಆಮೇಲೆ ಕೆಮ್ಮು, ಆಮೇಲೆ
ಸೂರ್ಯನೆಂದು ನಂಬಬಹುದಾದ ಏನೋ ಒಂದು.

ನಾನಲ್ಲಿಗೆ ಹೋದದ್ದು ಖೈರುನ್ನಿಸಾಳ ದೆಸೆಯಿಂದ.
ಬಿಎಸ್ಸಿ ಕೊನೇ ವರ್ಷ, ಮೂರನೇ ಬೆಂಚು,
ದುಪಟ್ಟಾದಲ್ಲಿ ಸದಾ ತೌಡಿನ ವಾಸನೆ.
ಗುರುವಾರ ಬೋರ್ಡಿನ ಮೇಲೆ ಕಪ್ಪುಕುಳಿ ಬರೆದಿದ್ದೆ.
ಸೀಮೆಸುಣ್ಣದಲ್ಲಿ ಕಪ್ಪು ಬರೆಯುವುದೆಂದರೆ
ಸುತ್ತ ಬಳಿದು ನಡುವೆ ಬಿಟ್ಟುಬಿಡುವುದು, ಅಷ್ಟೇ.
"ಇದರೊಳಗೆ ಬಿದ್ದದ್ದು ಬಾರದು, ಬೆಳಕೂ.
ಆದರೂ ಸಣ್ಣಗೆ ಕಾವು ಬಿಡುತ್ತದೆ,
ಯುಗದ ಮೇಲೆ ಯುಗ ಸವೆದು ತೀರಿಹೋಗುತ್ತದೆ" ಎಂದೆ.
ಅವಳು ಕೈಯೆತ್ತದೆ ಕೇಳಿದಳು:
"ಹಂಗಾದ್ರೆ ಬಿದ್ದಿದ್ದರ ಲೆಕ್ಕ ಯಾರ ಹತ್ರ ಇರುತ್ತೆ ಸರ್?"

ಹದಿನೇಳು ವರ್ಷದ ಅತಿಥಿ ಉಪನ್ಯಾಸಕ ನಾನು.
ಹತ್ತು ತಿಂಗಳು ಸಂಬಳ, ಎರಡು ತಿಂಗಳು ಆಕಾಶ.
ಗೊತ್ತಿಲ್ಲ ಎನ್ನುವುದಕ್ಕೆ ನನಗೆ ಬೇಕಾದಷ್ಟು ದಾರಿ ಗೊತ್ತು.
"ಸಿಲಬಸ್ಸಿನಲ್ಲಿಲ್ಲ" ಅಂದೆ. ಗಂಟೆ ಹೊಡೆಯಿತು.

ಭಟ್ಟಿಯ ಬಾಯಲ್ಲಿ ಬೆಂಕಿ ಮೊದಲು ಕೆಂಪು,
ಊದಿದರೆ ಕಿತ್ತಳೆ, ಇನ್ನೂ ಊದಿದರೆ ನಿಂಬೆಹಳದಿ.
ಹೀಗೇ ಕಾದ ಕುಲುಮೆಯ ಬಣ್ಣಕ್ಕೆ ಲೆಕ್ಕ ಹೊಂದದೆ
ಶಕ್ತಿಯೆಂಬುದು ಧಾರೆಯಲ್ಲ, ಕಾಳುಕಾಳು
ಎಂದು ಒಪ್ಪಬೇಕಾಯಿತು, ನೂರಿಪ್ಪತ್ತು ಚಿಲ್ಲರೆ ವರ್ಷದ ಹಿಂದೆ.
ಸಣ್ಣದರ ಶಾಸ್ತ್ರ ಹುಟ್ಟಿದ್ದು ಒಲೆಯ ಮುಂದೆ.
ದೊಡ್ಡದರ ಶಾಸ್ತ್ರ ಹುಟ್ಟಿದ್ದು ಬೀಳುವುದರಿಂದ.
ಇಬ್ಬರೂ ಒಂದೇ ಮನೆಯ ಸೊಸೆಯರು,
ಒಬ್ಬಳಿದ್ದ ಕೋಣೆಗೆ ಇನ್ನೊಬ್ಬಳು ಕಾಲಿಡಳು.
ಕಪ್ಪುಕುಳಿಯೊಂದೇ
ಇಬ್ಬರೂ ಸೇದಲೇಬೇಕಾದ ಬಾವಿ.

ದಾದಾಪೀರ್ ಸಾಬರು ಬಾಣಲೆಯ ಮರಳು ಮಗುಚುತ್ತಿದ್ದರು.
ಹಿಡಿ ಅಕ್ಕಿ ಬಿತ್ತು. ಎಣಿಸುವ ಮೊದಲೇ ಬಾಣಲೆ ತುಂಬ ಬಿಳಿ.
ಇಲ್ಲವೆನ್ನಬಹುದಾದ ಜಾಗದಿಂದ ಇಷ್ಟೊಂದು ಜಾಗ.
ಮಗಳ ಪ್ರಶ್ನೆ ಹೇಳಿದೆ, ಸುಮ್ಮನೆ, ಮಾತಿಗೆ.
ಅವರು ಚೀಲಗಳತ್ತ ಮುಖ ಮಾಡಿದರು.
ಆಳೆತ್ತರದ ಚೀಲ, ಹೊಟ್ಟೆಯ ಮೇಲೆ ನೀಲಿ ಮಸಿಯಲ್ಲಿ
ವಾರ, ತೂಕ, ಹರಿಹರ, ಹಿರಿಯೂರು, ಜಗಳೂರು.
"ಒಳಗಿಂದನ್ನ ಯಾರು ಎಣಸ್ತಾರ್ರೀ ಸರ?
ಚೀಲದ ಮ್ಯಾಲೆ ಏನೈತೋ ಅದೇ ಲೆಕ್ಕ."

ತೌಡಿನ ಮೂಟೆಯ ಮೇಲೆ ಕೂತುಬಿಟ್ಟೆ.
ಅದನ್ನೇ ಅಲ್ಲವೇ ಸಮೀಕರಣ ಹೇಳುವುದು,
ನುಂಗಿದ್ದರ ಲೆಕ್ಕ ಹೊಟ್ಟೆಯ ಗಾತ್ರಕ್ಕಲ್ಲ,
ಮೈಚರ್ಮದ ವಿಸ್ತಾರಕ್ಕೆ ಹೊಂದುತ್ತದೆಂದು?

ಆದರೆ ಇದು ಹೋಲಿಕೆ. ಹೋಲಿಕೆಗೆ ಪರೀಕ್ಷೆಯಲ್ಲಿ ಅಂಕವಿಲ್ಲ.
ಚೀಲದ ಮೇಲೆ ಬರೆಯುವವರು ಸಾಬರೇ,
ನಸುಕಿನ ನಮಾಜು ಮುಗಿಸಿ, ಕಡ್ಡಿಗೆ ಬಟ್ಟೆ ಸುತ್ತಿ.
ಕುಳಿಯ ಮೈಮೇಲಿನದು ಯಾವ ಕಡ್ಡಿ, ಯಾವ ಲಿಪಿ?
ಚೀಲವೇ ಸುಟ್ಟರೆ ಹೊಗೆಯಲ್ಲಿ ಅಕ್ಷರ ಉಳಿದೀತೆ?
ಉಳಿಯುತ್ತದೆ ಎನ್ನುತ್ತಾರೆ ಈಗೀಗ ಬಹಳ ಮಂದಿ,
ಒಂದೆಳೆ ಬಿಡದೆ ಕೂಡಿಟ್ಟರೆ ಓದಬಹುದಂತೆ.
ಈ ಓಣಿಯ ಹೊಗೆಯನ್ನು ಕೂಡಿಟ್ಟದ್ದು
ದಾದಾಪೀರರ ಎದೆ. ಅದನ್ನು ಓದಿದ ಡಾಕ್ಟರು
ಬೀಡಿ ಬಿಡಿ ಎಂದರಂತೆ.
ಅವರು ಬೀಡಿ ಮುಟ್ಟಿದವರೇ ಅಲ್ಲ.

ಖೈರುನ್ನಿಸಾ ಪೇಪರಿನಲ್ಲಿ ಮಂಡಕ್ಕಿ ತಂದಳು,
ಜೊತೆಗೆರಡು ಮೆಣಸಿನಕಾಯಿ.
ಮೂರನೇ ಮುಕ್ಕಿಗೆ ಕಟಕ್ಕೆಂದಿತು:
ಮರಳಿನ ಕಾವೆಲ್ಲ ಕುಡಿದೂ ಬಾಯಿ ಬಿಡದ ಕಾಳು.
"ಒಂದೊಂದು ಹಂಗ ಉಳಿತಾವ್ರೀ" ಅಂದರು ಸಾಬರು.
ನಾಲಿಗೆಯಲ್ಲಿ ತಡವಿದೆ. ಹಲ್ಲಿನ ಚೂರು ಯಾವುದು, ಕಾಳು ಯಾವುದು?
ಕುಳಿಯ ನಟ್ಟನಡುವಿಗೆ ಮುಟ್ಟಿದ ಗಣಿತವೂ
ಅನಂತ ಎಂದು ಬರೆದು ಪೆನ್ನು ಕೆಳಗಿಡುತ್ತದೆ.
ಅನಂತ ಅಂದರೆ ದೊಡ್ಡದು ಅಂತಲ್ಲ ಖೈರುನ್,
ಹಲ್ಲು ಮುರೀತು ಅಂತ.

ಉಗುಳಲಿಲ್ಲ.
ಕೆನ್ನೆಯೊಳಗೆ ಒತ್ತಿಟ್ಟುಕೊಂಡೇ
ಬಸ್ ಸ್ಟ್ಯಾಂಡಿನವರೆಗೆ ನಡೆದೆ.