ಒಂದು ನೋಟು ಹೆಚ್ಚು

ಕಸೊಂಡೆ ಮಾಮ ಬಿಯರಿನ ಕ್ರೇಟು ಬೋರಲು ಹಾಕಿ
ಅದರ ಮೇಲೆ ಮ್ಯಾನೇಜರಾಗಿ ಕೂತಿದ್ದಾರೆ.
ಮೂವತ್ತೊಂದು ವರ್ಷ ಕಿಟ್ವೆಯ ತಾಮ್ರದ ಗಣಿಯಲ್ಲಿ
ಸಂಬಳದ ಲಕೋಟೆ ತುಂಬಿದ ಕೈ;
ಈಗ ಚಹದ ಲೋಟ ಹಿಡಿದರೂ ನಡುಗುತ್ತದೆ,
ಕಾಗದ ಹಿಡಿದರೆ ಮಾತ್ರ ಇಲ್ಲ.

"ಹೆಸರು?"
ಎಡ್ನಾ ನಕಂಬಾ.
"ವಯಸ್ಸು ಕೇಳುವುದಿಲ್ಲ, ಆದರೆ ನೋಡುತ್ತಾರೆ. ನೆಟ್ಟಗೆ ಕೂತ್ಕೊ.
ಈಗೇನು ಮಾಡುತ್ತಿದ್ದೀ?"
ಚಿಸೋಕೋನೆ ಮಾರ್ಕೆಟ್ಟಿನಲ್ಲಿ, ಅಮ್ಮನ ಜೊತೆ
ಒಣಮೀನು ಮಾರು...
"ಹಾಗಲ್ಲ. ನಗದು ವಹಿವಾಟಿನಲ್ಲಿ ಒಂಬತ್ತು ವರ್ಷದ ಅನುಭವ, ಅನ್ನು."
ಅಂದೆ. ಬಾಯಲ್ಲಿ ಆ ಮಾತು
ಬೇರೆಯವರ ಹಲ್ಲುಸೆಟ್ಟಿನ ಹಾಗೆ ಕೂತಿತು.

ವಾರದಿಂದ ಹಳೆಯ ಪತ್ರಿಕೆಗಳನ್ನು
ನೋಟಿನ ಅಳತೆಗೆ ಕತ್ತರಿಸುತ್ತಿದ್ದೇವೆ.
ಒಂದರಲ್ಲಿ ಮಂತ್ರಿಯ ಅರ್ಧ ಕಿವಿ,
ಒಂದರಲ್ಲಿ ಫುಟ್‌ಬಾಲಿಗನ ಮೊಣಕಾಲು,
ಇನ್ನೊಂದರಲ್ಲಿ ಯಾರದೋ ಸಾವಿನ ಸುದ್ದಿ, ಹೆಸರು ಕತ್ತರಿಗೆ ಹೋಗಿದೆ.
ಎಲ್ಲವೂ ನೂರು ಕ್ವಾಚಾ ಎಂದು ನಂಬಬೇಕು.
ನಂಬುತ್ತೇನೆ. ನಿಜವಾದದ್ದೂ ಇನ್ನೇನು,
ಎಲ್ಲರೂ ಒಟ್ಟಿಗೆ ನಂಬಿದ ಕಾಗದವೇ ತಾನೆ.

ನಮ್ಮ ಭಾಷೆಯಲ್ಲಿ ಕ್ವಾಚಾ ಎಂದರೆ ಬೆಳಗು.
ಸರ್ಕಾರ ಮೂರು ಸೊನ್ನೆ ಕಿತ್ತು ಎಷ್ಟೋ ವರ್ಷವಾಯಿತು;
ಅಮ್ಮ ಇನ್ನೂ ಹತ್ತಕ್ಕೆ ಹತ್ತು ಸಾವಿರ ಎನ್ನುತ್ತಾಳೆ,
ಕಿತ್ತ ಸೊನ್ನೆಗಳೆಲ್ಲ
ತನ್ನ ಮೀನಿನ ಬುಟ್ಟಿಯಡಿ ಇವೆಯೆಂಬಂತೆ.

"ಎಷ್ಟು?"
ನೂರು.
"ಮತ್ತೆ ಎಣಿಸು."
ನೂರೇ.
ಮಾಮ ಕಂತೆಯನ್ನು ಬೀಸಣಿಗೆಯಂತೆ ಬಿಚ್ಚಿ
ಅಂಟಿಕೊಂಡ ಎರಡು ಚೂರು ಬಿಡಿಸಿದರು. ನೂರಾ ಒಂದು.
"ಕಡಿಮೆ ಕೊಟ್ಟರೆ ಗಿರಾಕಿ ಅಲ್ಲೇ ಕೂಗುತ್ತಾನೆ, ಎಡ್ನಾ.
ಹೆಚ್ಚು ಕೊಟ್ಟದ್ದು ತಿಳಿಯುವುದು ಸಂಜೆ,
ಬಾಗಿಲು ಹಾಕಿದ ಮೇಲೆ,
ಎದುರಿಗೆ ಯಾರೂ ಇಲ್ಲದಾಗ.

ಸರಿ. ನೀನು ಪ್ರಾಮಾಣಿಕಳಾಗಿದ್ದ ಒಂದು ಸಂದರ್ಭ ಹೇಳು.
ಇದನ್ನು ಕೇಳೇ ಕೇಳುತ್ತಾರೆ."

ಒಂದಿತ್ತು, ಬರೆದು ಬಾಯಿಪಾಠ ಮಾಡಿದ್ದು:
ಬಸ್ಸಿನಲ್ಲಿ ಸಿಕ್ಕ ಪರ್ಸು, ಪೊಲೀಸ್ ಠಾಣೆ, ಮುದುಕಿಯ ಕಣ್ಣೀರು.
ಪರ್ಸು ಸಿಕ್ಕದ್ದು ನನ್ನ ಅಣ್ಣನಿಗೆ. ಮುದುಕಿ ಇರಲಿಲ್ಲ.
ನಾಲಗೆ ತುದಿಗೆ ಬಂದದ್ದು ಬೇರೆ.

ಮೂರು ವರ್ಷದ ಹಿಂದೆ, ನಾಳೆ ಹೋಗುವ ಅದೇ ಬ್ಯಾಂಕು,
ಎರಡನೇ ಕಿಟಕಿ. ಗಾಜಿನಾಚೆ ಹಳದಿ ಉಗುರುಬಣ್ಣದ ಹುಡುಗಿ;
ನೆಗಡಿ, ಮೂಗು ಒರೆಸಿಕೊಳ್ಳುತ್ತಲೇ ದುಡ್ಡು ಕೊಟ್ಟಳು.
ಹೊರಗೆ ಮೆಟ್ಟಿಲ ಮೇಲೆ ನೋಡಿದೆ, ಒಂದು ನೋಟು ಹೆಚ್ಚು.
ಮತ್ತೆ ಎಣಿಸಿದೆ.
ತಿರುಗಿ ಒಳಗೆ ಹೋಗಬೇಕೆಂದು ಎಣಿಸಿದೆ.
ಆ ಒಂದೇ ಮಾತಿನ ಎರಡು ಅರ್ಥವನ್ನೂ ಮಾಡಿ ಮುಗಿಸಿ
ಬಸ್ಸು ಹತ್ತಿದೆ.
ಅದಕ್ಕೆ ಇಷ್ಟು ಸೇರಿಸಿ ಮಗನಿಗೆ ಶಾಲೆಯ ಕರಿ ಬೂಟು.
ಮುಂದಿನ ತಿಂಗಳು ಆ ಕಿಟಕಿಯಲ್ಲಿ ಬೇರೆ ಮುಖ.
ಮದುವೆಯಾಗಿರಬಹುದು. ವರ್ಗವಾಗಿರಬಹುದು.
ಬೂಟು ಆರೇ ತಿಂಗಳಿಗೆ ಚಿಕ್ಕದಾಯಿತು.

ಇಷ್ಟನ್ನೂ ಹೇಳಿಬಿಟ್ಟೆ, ಕ್ರೇಟಿನ ಮೇಲಿದ್ದವರಿಗೆ.
ಮಾಮ ಬಹಳ ಹೊತ್ತು ಮಾತಾಡಲಿಲ್ಲ.
ರಸ್ತೆಯಲ್ಲಿ ತಾಮ್ರದ ಲಾರಿ ಹೋಯಿತು, ನೆಲ ಅದುರಿತು.
ಚೂರುಗಳನ್ನು ತೊಡೆಯ ಮೇಲೆ ತಟ್ಟಿ, ಅಂಚು ಸಮ ಮಾಡಿ,
"ಹೆಬ್ಬೆರಳು ನೆಕ್ಕಬೇಡ,
ಅಲ್ಲಿ ಒದ್ದೆ ಸ್ಪಂಜು ಇಟ್ಟಿರುತ್ತಾರೆ," ಎಂದರು.
"ಮೊದಲಿನಿಂದ. ಹೆಸರು?"

ರಾತ್ರಿ ಕರೆಂಟಿಲ್ಲ. ಇದ್ದಿಲ ಪೆಟ್ಟಿಗೆಯಿಂದ
ಬಿಳಿ ಬ್ಲೌಸಿಗೆ ಇಸ್ತ್ರಿ ಹಾಕಿದ್ದೇನೆ, ಕಾಲರಿನಲ್ಲಿ ಒಂದು ಕಿಡಿ ಬಿದ್ದ ಗುರುತು.
ಮೂರು ಸಲ ನಿಂಬೆ ತಿಕ್ಕಿದರೂ
ಬಲಗೈ ಹೆಬ್ಬೆರಳಲ್ಲಿ ಮೀನು ಇನ್ನೂ ಇದೆ.
ಮಗ ಮಲಗಿದಲ್ಲಿಂದಲೇ ಕೇಳುತ್ತಾನೆ:
ಅಮ್ಮಾ, ಆ ದುಡ್ಡೆಲ್ಲ ನಿನ್ನದಾಗತ್ತಾ?
ಇಲ್ಲ ಕಣೋ, ಕೈಯಲ್ಲಿ ಹಾದು ಹೋಗತ್ತೆ, ಅಷ್ಟೆ.

ತೊಂಬತ್ತೆಂಟು.
ತೊಂಬತ್ತೊಂಬತ್ತು. ನೂರು.
ಕೊನೆಯದನ್ನು ಉಗುರಿನಿಂದ ಕೆದಕಿ ನೋಡುತ್ತೇನೆ,
ಅದರ ಹಿಂದೆ ಇನ್ನೊಂದು ಇದೆಯೇ ಎಂದು.