ಸೊನ್ನೆ

ತರಗುಪೇಟೆಯ ಮೂರನೇ ಮಹಡಿ, ನಮ್ಮ ಡಿಸೈನ್ ಅಂಗಡಿ.
ಕೆಳಗಿನ ಗೋದಾಮಿನಿಂದ ಮೆಟ್ಟಿಲು ಹತ್ತಿ ಬರುತ್ತದೆ
ಒಣಮೆಣಸಿನಕಾಯಿ ಘಾಟು;
ಗಿರಾಕಿಗಳು ಸೀನಿಕೊಂಡೇ ಒಳಗೆ ಕಾಲಿಡುತ್ತಾರೆ.

ಅಶ್ವತ್ಥಯ್ಯ ಶೆಟ್ಟರು ತಂದದ್ದು ಅಂಗೈಯಗಲದ ಡಬ್ಬಿ.
‘ಹೆಸರು ದಪ್ಪಗಿರಲಿ. ಪಕ್ಕಕ್ಕೆ ನಮ್ಮ ತಾತ. ಮೇಲೆ ಸೂರ್ಯ.
ಜಾಗ ಉಳಿದರೆ ಎರಡು ಆನೆ.’

ಹನ್ನೊಂದು ದಿನ ಬರೆದೆವು.
ನಫೀಸಾ ಮೊದಲು ಆನೆ ಅಳಿಸಿದಳು, ಆಮೇಲೆ ಸೂರ್ಯ.
ತಾತನ ಮೀಸೆ ಮಾತ್ರ ಎರಡು ದಿನ
‘ಇ’ಯ ಸುರುಳಿಯಲ್ಲಿ ಸಿಕ್ಕಿಕೊಂಡಿತ್ತು;
ಅದೂ ಹೋಯಿತು.

ಉಳಿದದ್ದು: ಇಂಗು.

ನಡುವಿನ ಸೊನ್ನೆ ಎಲ್ಲಿ ಕೂರಬೇಕೆಂದು
ಮಧ್ಯಾಹ್ನವೆಲ್ಲ ಜಗಳ.
ಕೂದಲೆಳೆಯಷ್ಟು ಎಡಕ್ಕೆ ಸರಿದರೆ ಮುನಿಸು,
ಬಲಕ್ಕೆ ಬಂದರೆ ಅತಿ ಸಲಿಗೆ.
ಊಟದ ಡಬ್ಬಿಗಳು ಹಾಗೇ ಆರಿದವು.

ಶೆಟ್ಟರು ತಿರುಗಿಸಿ ತಿರುಗಿಸಿ ನೋಡಿದರು.
‘ಬಿಳೀ ಜಾಗಕ್ಕೂ ದುಡ್ಡು ಕೊಡಬೇಕೇನಮ್ಮ?’

ನಫೀಸಾ ಉತ್ತರಿಸಲಿಲ್ಲ. ಮುಚ್ಚಳ ತೆರೆದಳು.
ಒಳಗಿದ್ದದ್ದು ಒಂದು ಚಿಟಿಕೆ;
ಮೆಣಸಿನ ಘಾಟಿಗೂ
ಕೋಣೆಯಲ್ಲಿ ಜಾಗ ಉಳಿಯಲಿಲ್ಲ.

ಮೂಗೊರೆಸಿಕೊಂಡು ಶೆಟ್ಟರು ಚೆಕ್ಕು ಬರೆದರು,
ಸೊನ್ನೆ ಸೊನ್ನೆಯ ನಡುವೆ ತುಸು ಜಾಗ ಬಿಟ್ಟು.
ಮೆಟ್ಟಿಲಿಳಿಯುವಾಗ ಮಾತ್ರ ಕೇಳಿಸಿತು:
‘ಒಂದಾದರೂ ಆನೆ ಇರಬಹುದಿತ್ತು.’