ಸೀದ ವಾಸನೆ

ಕುತಾಯಿಸಿಯ ನಮ್ಮ ಬೀದಿಗೆ ಬೆಳಗಾಗುವುದು
ಸೂರ್ಯನಿಂದಲ್ಲ, ಅಪ್ಪನ ಒಲೆಯಿಂದ.
ಬಾವಿಯಂಥ ಮಣ್ಣಿನ ಒಲೆ. ಅದರೊಳಕ್ಕೆ
ಸೊಂಟದವರೆಗೆ ಬಾಗಿ, ತಲೆಕೆಳಗಾಗಿ,
ದೋಣಿಯಂತೆ ಎಳೆದ ಹಿಟ್ಟನ್ನು ಬಿಸಿಗೋಡೆಗೆ
ಪಟ್ಟೆಂದು ಬಡಿದು ಮೇಲೇಳಬೇಕು.
ಮೂವತ್ತೊಂದು ವರ್ಷ, ದಿನಕ್ಕೆ ನಾನೂರು ಸಲ.
ನಾನು ಕಿಟಕಿಯಲ್ಲಿ ಚಿಲ್ಲರೆ ಎಣಿಸುವವಳು.

ಯಾರೂ ಸತ್ತಿರಲಿಲ್ಲ. ಸಾಲವಿರಲಿಲ್ಲ.
ದ್ರಾಕ್ಷಿ ಕೈತುಂಬ ಬಂದ ವರ್ಷ ಅದು.
ಮೊದಲು ಬೆನ್ನುನೋವು ಅಂದ. ಇರಬೇಕು ಅಂದೆವು,
ಅಷ್ಟು ಬಾಗುವವನಿಗೆ ನೋಯದೆ ಇನ್ನೇನು.
ಆಮೇಲೆ ಸಿಟ್ಟು: ಬಾಗಿಲ ಮೇಲೆ, ಬೆಕ್ಕಿನ ಮೇಲೆ, ನನ್ನ ಮೇಲೆ.
ಆಮೇಲೆ ಸಿಟ್ಟೂ ಇಲ್ಲ.
ಅಳಲಿಲ್ಲ. ಅತ್ತಿದ್ದರೆ ತಿಳಿಯುತ್ತಿತ್ತು ನಮಗೆ.

ಮದುವೆಯೂಟಕ್ಕೆ ಮಾತಿನ ಮುಂದಾಳು ಅವನು.
ಕೊಂಬಿನ ಬಟ್ಟಲೆತ್ತಿದರೆ
ಸತ್ತವರಿಗೊಂದು ಮಾತು, ಹುಟ್ಟಲಿರುವವರಿಗೊಂದು.
ಚಿಕ್ಕಪ್ಪ ವಾಜಾನ ಮಗಳ ಮದುವೆಯಲ್ಲಿ ಎದ್ದು ನಿಂತ,
ಬಟ್ಟಲೆತ್ತಿದ,
ನೂರಿಪ್ಪತ್ತು ಮಂದಿ ಕಾದರು.
"ರೊಟ್ಟಿ ಆರುತ್ತಿದೆ, ತಿನ್ನಿ" ಎಂದು ಕೂತುಬಿಟ್ಟ.
ಎಲ್ಲರೂ ನಕ್ಕರು. ನಾನೂ ನಕ್ಕೆ.
ಈಗಲೂ ಆ ನಗೆ ಗಂಟಲಲ್ಲಿ ಮುಳ್ಳು.

ಕಣ್ಣು ಬಿದ್ದಿದೆ ಎಂದು ಪಕ್ಕದ ಮನೆಯ ತ್ಸಿಯಾಲಾ ಮೇಣದಬತ್ತಿ ಹಚ್ಚಿದಳು.
ಓತಿಯಾ ಮಾವ ದ್ರಾಕ್ಷಿಸಾರಾಯಿ ಸುರಿದು
"ಗಂಡಸಲ್ಲವೇನೋ ಮಲ್ಖಾಜ್, ಮನಸ್ಸು ಗಟ್ಟಿ ಮಾಡು" ಅಂದ.
ಗಟ್ಟಿಯಾಗಲು ಅದೇನು ಕಣಕವೇ,
ಇನ್ನೊಂದು ಹಿಡಿ ಹಿಟ್ಟು ಸುರಿದರೆ?

ನವೆಂಬರಿನ ಒಂದು ಬೆಳಗ್ಗೆ ಬಾಗಿದವನು ಏಳಲಿಲ್ಲ.
ಕೈಯಲ್ಲಿ ಯಾರದೋ ಚಿಲ್ಲರೆ. ಎಣಿಸುತ್ತಲೇ ಇದ್ದೆ,
ಐದು, ಆರು, ಏಳಕ್ಕೆ ಅಂಗಿ ಹಿಡಿದು ಎಳೆದೆ.
ಹುಬ್ಬು ಸುಟ್ಟಿತ್ತು.
"ಅಲ್ಲಿ ಸದ್ದಿಲ್ಲ" ಅಂದ, ಅಷ್ಟೇ.

ಆಸ್ಪತ್ರೆಯ ಬೆಂಚಿನಲ್ಲಿ ನಮ್ಮ ಪಕ್ಕ
ನಲವತ್ತು ದಿನದ ಕೂಸನ್ನು ಯಾರದೋ ಗಂಟಿನಂತೆ ಹಿಡಿದ ಬಾಣಂತಿ.
ದಿನಕ್ಕೆ ಹದಿನಾರು ಗಂಟೆ ಮಲಗುವ ಹುಡುಗ.
ಕಳೆದ ತಿಂಗಳು ನಿದ್ದೆಯಿಲ್ಲದೆ ಹಾಡಿ, ಮೂರು ಕಾರು ಕೊಂಡು
ಈಗ ಕತ್ತೆತ್ತಲಾರದ ಒಬ್ಬ.
ಒಂದೇ ಮೋಡ ಎಂದುಕೊಂಡಿದ್ದೆ. ಅಲ್ಲ,
ಒಬ್ಬೊಬ್ಬರ ಮೇಲೆ ಒಂದೊಂದು ಆಕಾಶ.

ಡಾಕ್ಟರ್ ಮಕ್ವಾಲಾ ದುಃಖವೇ ಎಂದು ಕೇಳಲಿಲ್ಲ.
"ರೊಟ್ಟಿಯ ವಾಸನೆ ಮೂಗಿಗೆ ಬಂದದ್ದು ಯಾವಾಗ ಕೊನೆಗೆ?"
ಬೆರಳುಗಳನ್ನು ನೋಡುತ್ತ ಕೂತ, ತುಂಬ ಹೊತ್ತು.
"ಮಾರ್ಚಿನಲ್ಲಿ."
ನನ್ನನ್ನು ಹೊರಗೆ ಕಳಿಸಿದರು. ಬಾಗಿಲು ತೆಳು.
ಸಾಯಬೇಕೆನಿಸಿದೆಯೇ? ಎಂದದ್ದು ಕೇಳಿತು,
ಅವನ "ಹೂಂ" ಕೂಡ.
ಆ ಪ್ರಶ್ನೆ ಕೇಳುವ ಧೈರ್ಯ ಮನೆಯಲ್ಲಿ ಯಾರಿಗಿತ್ತು?

ಖಿನ್ನತೆ ಎಂದರು. ಹೆಸರು ಸಿಕ್ಕಿದ ಮಾತ್ರಕ್ಕೆ ಹೊರಟುಹೋಗಲಿಲ್ಲ ಅದು.
ಎಳ್ಳಿಗಿಂತ ತುಸು ದೊಡ್ಡ ಬಿಳಿ ಗುಳಿಗೆ,
ಮಂಗಳವಾರಕ್ಕೊಂದು ಗಂಟೆ ಮಾತು. ಏನು ಮಾತೋ ನಾನರಿಯೆ.
ಬಾಯೊಣಗಿತು, ಕೈ ನಡುಗಿತು, "ದಂಡ" ಅಂದ.
ಐದನೆಯ ವಾರ ಮೊದಲು ನಿದ್ದೆ ಬಂತು,
ಕಳೆದುಹೋದ ಬೆಕ್ಕಿನಂತೆ, ಸದ್ದಿಲ್ಲದೆ.
ಗುಣವಾಯಿತೆಂದು ಫೆಬ್ರುವರಿಯಲ್ಲಿ ಗುಳಿಗೆ ಎಸೆದ;
ಏಪ್ರಿಲ್‌ಗೆ ಮತ್ತೆ ಗೋಡೆಗೆ ಮುಖ.
ಮತ್ತೆ ಮೊದಲಿಂದ. ಡಾಕ್ಟರು ಬಯ್ಯಲಿಲ್ಲ.
ಈಗ ಗುಳಿಗೆ ಉಪ್ಪಿನ ಡಬ್ಬಿಯ ಪಕ್ಕ, ಎಲ್ಲರಿಗೂ ಕಾಣುವ ಹಾಗೆ.

ನಿನ್ನೆ ಗಿರಾಕಿಯೊಡನೆ ಹರಟುತ್ತ ಮೈಮರೆತೆ.
ಒಳಗಿನಿಂದ ಗುಡುಗಿದ:
"ಏನೇ, ಮೂಗಿಲ್ಲವೇ ನಿನಗೆ? ಸೀಯುತ್ತಿದೆ!"
ಕೊಕ್ಕೆ ಹಾಕಿ ಎತ್ತಿದೆ, ಮೂರು ರೊಟ್ಟಿ, ಮೈಯೆಲ್ಲ ಕಪ್ಪು.
ಮಾರಲಿಲ್ಲ. ಕೆರೆದು, ಗಿಣ್ಣು ಸವರಿ
ಒಲೆಯ ಪಕ್ಕವೇ ಕೂತು ತಿಂದೆವು.
ಎರಡನೆಯದರ ಅರ್ಧಕ್ಕೆ ಬಂದಾಗ
ಉಪ್ಪು ಕಡಿಮೆ ಅಂದ.